ರಂಗಕ್ಕನ ಕಿವಿ

ಅಟ್ಟದ ಕಾಯಿಯನ್ನು ಯಾವಾಗ ಇಳಿಸಬೇಕು ಎಂದು ಆ ಮನೆಯಲ್ಲಿ ತೀರ್ಮಾನ ಮಾಡುತ್ತಿದ್ದುದು ರಂಗಕ್ಕನ ಬಲಗಿವಿ. ತೋಟದಿಂದ ಬಂದ ತೆಂಗಿನಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅದಕ್ಕೂ ಮುಂಚೆ ಅಲ್ಲಾಡಿಸಿದರೆ ಕಾಯಿ ಕುಳುಕ್ ಎನ್ನುತ್ತದೆ. ಆದಮೇಲೆ ಗಡಗಡ ಎನ್ನುತ್ತದೆ. "ಕುಳುಕ್ ಅನ್ನೋದು ಇನ್ನೂ ಕೂಸು ಕಣ್ರವ್ವ, ಅದ್ನ ಎಬ್ಬುಸ್ಬಾರ್ದು" ಎಂದು ರಂಗಕ್ಕ ಸೊಸೆಯರಿಗೆ ಹೇಳುತ್ತಿದ್ದಳು. ನೊಣವಿನಕೆರೆಯ ಆಚೆಗಿನ ಆ ಊರಿನಲ್ಲಿ ಅಕ್ಕಪಕ್ಕದವರೂ ಒಂದೆರಡು ಕಾಯಿ ಸೆರಗಿನಲ್ಲಿಟ್ಟುಕೊಂಡು ಬಂದು ಅವಳ ಕಿವಿಗೆ ತೋರಿಸಿ ಹೋಗುವುದಿತ್ತು.

ಆ ವರ್ಷದ ಅಟ್ಟದ ದುಡ್ಡು ಕಿರಿಸೊಸೆ ಸರ್ವಮಂಗಳಳದು ಎಂದು ಸಂಕ್ರಾಂತಿಗೂ ಮೊದಲೇ ಮಾತಾಗಿತ್ತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೂ ಸೂರ್ಯಪ್ರಕಾಶನಿಗೂ ಮಕ್ಕಳಾಗಿರಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಒಂದು ದೊಡ್ಡ ಚಿಕಿತ್ಸೆ ಉಳಿದಿತ್ತು, ವಯಸ್ಸು ಮೀರುತ್ತಿದೆ, ಈ ವರ್ಷ ತಡಮಾಡಬೇಡಿ ಎಂದಿದ್ದರು ಡಾಕ್ಟರು. ಅವರೆಕಾಳಿನ ಸಾರಿಗೆ ಮುದ್ದೆ ಮುರಿಯುತ್ತಾ ಎಲ್ಲರ ಎದುರಿಗೇ ರಂಗಕ್ಕ ಹೇಳಿದಳು: "ಈ ಸಲದ ಅಟ್ಟ ಮಂಗಳಂದು. ಯಾರೂ ಕಣ್ಣು ಹಾಕಬ್ಯಾಡಿ."

"ನಾನ್ಯಾಕವ್ವ ಹಾಕ್ಲಿ," ಎಂದು ನಕ್ಕಿದ್ದ ಹಿರಿಮಗ ಗಂಗರಾಜು. "ನಂದು ಸಿಮೆಂಟು, ಅವಂದು ತೆಂಗು. ಬೇರೆ ಬೇರೆ ಡಿಪಾರ್ಟ್‌ಮೆಂಟು."

ಹಿರಿಸೊಸೆ ವನಜಾಕ್ಷಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವಳ ಗಂಡ ಸಣ್ಣ ಕಂಟ್ರಾಕ್ಟರು. ಪಂಚಾಯ್ತಿಯ ಚರಂಡಿ, ಶಾಲೆಯ ಕಾಂಪೌಂಡು, ಅಂಗನವಾಡಿ ಕಟ್ಟಡ, ಇಂಥ ಸರ್ಕಾರಿ ಕೆಲಸಗಳನ್ನು ಟೆಂಡರ್ ಹಾಕಿ ಹಿಡಿದು ಮಾಡುತ್ತಿದ್ದ. ತೋಟ ನೋಡಿಕೊಳ್ಳುತ್ತಿದ್ದವನು ತಮ್ಮ ಸೂರ್ಯಪ್ರಕಾಶ. ಇಬ್ಬರದೂ ಒಂದೇ ಒಲೆ.

ಸಂಕ್ರಾಂತಿಯ ಎಳ್ಳು ಇನ್ನೂ ಡಬ್ಬಿಯಲ್ಲಿ ಉಳಿದಿತ್ತು, ತಿಪಟೂರಿನಿಂದ ಮಲ್ಲೇಶನ ಫೋನು ಬಂತು. ಗಂಗರಾಜುವಿನ ಜಿಎಸ್‌ಟಿ ಲೆಕ್ಕ ನೋಡುತ್ತಿದ್ದವನು ಅವನೇ. ಫೋನಿಟ್ಟ ಗಂಗರಾಜು ಕೈ ತೊಳೆಯದೆ ತಟ್ಟೆಯ ಮುಂದೆ ಕೂತ.

"ಏನಂತೆ?" ಅಂದಳು ರಂಗಕ್ಕ.

"ಮೂರು ವರ್ಷದ ಹಿಂದಿನ ಕೆಲಸಗಳಿಗೆ ಟ್ಯಾಕ್ಸ್ ಕಮ್ಮಿ ಕಟ್ಟಿದ್ದೀಯ ಅಂತ ನೋಟಿಸ್ ಬಂದೈತಂತೆ."

"ಯಾಕಪ್ಪ ಕಮ್ಮಿ ಕಟ್ದೆ?"

"ನಾನೆಲ್ಲಿ ಕಮ್ಮಿ ಕಟ್ಟಿದ್ನವ್ವ! ಟೆಂಡರ್ ಹಾಕ್ದಾಗ ಹನ್ನೆರಡು ಪರ್ಸೆಂಟ್ ಇತ್ತು. ಅಂಗನವಾಡಿ ಗೋಡೆ ಕಿಟಕಿ ಮಟ್ಟಕ್ಕೆ ಬಂದಿತ್ತು, ಆಗ ಹದಿನೆಂಟು ಮಾಡಿದ್ರು. ಬಿಲ್ ಬರ್ಸಕ್ಕೆ ಹೋದ್ರೆ, ನಿನ್ನ ಎಸ್ಟಿಮೇಟಲ್ಲಿ ಹನ್ನೆರಡೇ ಇರೋದು, ಮಿಕ್ಕಿದ್ದು ಕೊಡಕ್ಕೆ ನಮ್ಗೆ ಆರ್ಡರ್ ಇಲ್ಲ, ಅರ್ಜಿ ಕೊಟ್ಟಿರು ಅಂದ್ರು. ಕೊಟ್ಟೆ. ಅವರು ಕೊಟ್ಟಷ್ಟನ್ನ ನಾನು ಕಟ್ದೆ."

"ಈಗ?"

"ಈಗ ಉಳಿದ ಆರು ಕಟ್ಟು ಅಂತಾವ್ರೆ. ಬಡ್ಡಿ, ದಂಡ ಬೇರೆ. ಬರೀ ಅಂಗನವಾಡಿದಲ್ಲ, ಆ ವರ್ಷದ್ದೆಲ್ಲಾ."

ರಂಗಕ್ಕ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಳಿಸಿದಳು. "ಕೆಲ್ಸ ಸರ್ಕಾರದ್ದು, ತೆರಿಗೆ ಸರ್ಕಾರಕ್ಕೆ. ಬಲಗೈ ಕೊಡಲ್ಲ ಅಂತದೆ, ಎಡಗೈ ಈಸ್ಕತೀನಿ ಅಂತದೆ. ಎಂಥಾ ಯಜಮಾನಪ್ಪ ಅದು?"

ಕಾಲೇಜಿಗೆ ಹೋಗುವ ಮೊಮ್ಮಗಳು ಧನ್ಯಶ್ರೀ ಕಿಸಕ್ಕೆಂದು ನಕ್ಕಳು. ಅಪ್ಪನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಲ್ಲೇಶ ವಾಯಿದೆ ಕೇಳಿ ಪತ್ರ ಬರೆದ. ಗಂಗರಾಜು ಬೈಕು ಹತ್ತಿ ತಿಪಟೂರಿಗೂ ತುರುವೇಕೆರೆಗೂ ತಿರುಗಿದ. ಇಂಜಿನಿಯರು ಸಿಕ್ಕರೆ ಗುಮಾಸ್ತ ಇರಲಿಲ್ಲ, ಗುಮಾಸ್ತ ಸಿಕ್ಕರೆ ಫೈಲು ಇರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನ ಖಾತೆಗೆ ಬೀಗ ಬಿತ್ತು. ಆಗ ನಡೆಯುತ್ತಿದ್ದ ಚರಂಡಿ ಕೆಲಸದ ಹಣ ಖಾತೆಗೆ ಬಂದು ಕೂತಿತ್ತು, ತೆಗೆಯುವಂತಿರಲಿಲ್ಲ.

ಶನಿವಾರ ಬಂದರೆ ಗಾರೆ ಹೊತ್ತ ಹೆಂಗಸರು ಜಗಲಿಯ ಮೇಲೆ ಬಂದು ಕೂರತೊಡಗಿದರು. ಅವರು ಗಲಾಟೆ ಮಾಡಲಿಲ್ಲ. ಕೂತರು ಅಷ್ಟೆ. ವನಜಾಕ್ಷಿ ಕಾಫಿ ಕೊಟ್ಟಳು. ಮುಂದಿನ ಶನಿವಾರ ಬೆಲ್ಲದ ಕಾಫಿ. ಅದರ ಮುಂದಿನ ಶನಿವಾರ ಅವರಲ್ಲೇ ದೊಡ್ಡವಳಾದ ಕೆಂಪಕ್ಕ ಲೋಟ ಹಿಂದಕ್ಕೆ ಸರಿಸಿದಳು. "ಕಾಫಿ ಬ್ಯಾಡ ಕಣವ್ವ. ಕಾಫಿ ಕುಡುದ್ರೆ ಎದ್ದೋಗ್ಬೇಕಾಗ್ತದೆ."

ವನಜಾಕ್ಷಿ ಕಿವಿಯ ಓಲೆ ಬಿಚ್ಚಿಕೊಟ್ಟಳು. ಗಂಗರಾಜು ಅದನ್ನು ಅಡವಿಟ್ಟು ಅವರ ಕೂಲಿ ಕೊಟ್ಟ. ಇನ್ನೆರಡು ವಾರದಲ್ಲಿ ಅವರು ಮತ್ತೆ ಬಂದು ಕೂತರು, ಹೊಸ ಕೂಲಿಗೆ. ಮನೆಯಲ್ಲಿ ಹಾಲೆಲ್ಲಾ ಡೈರಿಗೆ ಹೋಗತೊಡಗಿತು. ಮಜ್ಜಿಗೆ ನೀರಾಯಿತು.

ಶಿವರಾತ್ರಿಯ ಮಾರನೆಯ ದಿನ ಗಂಗರಾಜು ಆ ಮಾತು ಎತ್ತಿದ. ತಮ್ಮ ಆಗಷ್ಟೇ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ.

"ಸೂರಿ, ಈ ತಿಂಗಳು ಕಟ್ಟಿಬಿಟ್ರೆ ಖಾತೆ ಬಿಡ್ತಾರಂತೆ ಕಣ್ಲಾ. ಚರಂಡಿ ದುಡ್ಡು ಕೈಗೆ ಬತ್ತದೆ. ನಿಂದು ನಿಂಗೆ ಕೊಟ್ಬುಡ್ತೀನಿ."

"ನಂದು ಅಂದ್ರೆ ಯಾವ್ದಣ್ಣ?"

ಗಂಗರಾಜು ಮೇಲೆ ಅಟ್ಟದ ಕಡೆ ನೋಡಿದ.

ಸೂರ್ಯಪ್ರಕಾಶ ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿದ. "ಅದೊಂದು ಬ್ಯಾಡ. ಬೇಕಾದ್ರೆ ನನ್ನ ಗಾಡಿ ಮಾರು, ಹಸ ಮಾರು. ಹನ್ನೊಂದು ವರ್ಷದಿಂದ ಅವಳು ಈ ಊರಲ್ಲಿ ಎಲ್ಲರ ಮಕ್ಕಳ ತೊಟ್ಟಿಲು ತೂಗಾಯ್ತು."

"ಹಸ ಮಾರಿದ್ರೆ ಬಡ್ಡಿಗೂ ಸಾಲಲ್ಲ ಕಣೋ!"

"ನೀನು ಕಂಟ್ರಾಕ್ಟ್ ಲೈಸೆನ್ಸ್ ತಗೊಂಡಾಗ ನನ್ನ ಕೇಳಿದ್ಯಾ?"

"ನೀನು ಮೂರು ಹೊತ್ತು ಉಣ್ಣೋವಾಗ ನನ್ನ ಕೇಳ್ತೀಯಾ?"

ಒಳಗೆ ಸರ್ವಮಂಗಳ ಅಕ್ಕಿ ಆರಿಸುತ್ತಿದ್ದಳು. ಮೊರ ಹಿಡಿದ ಕೈ ನಿಂತಿತು. ವನಜಾಕ್ಷಿ ಬಾಗಿಲಿಗೆ ಬಂದು, "ರೀ, ಸಾಕು ಬನ್ರೀ ಒಳಗೆ," ಅಂದಳು. ಆ ದಿನ ಅಣ್ಣ ತಮ್ಮ ಬೇರೆ ಬೇರೆ ಹೊತ್ತಿಗೆ ಉಂಡರು.

ಎರಡು ದಿನ ಕಳೆದು ಸೂರ್ಯಪ್ರಕಾಶನೇ ಮೆತ್ತಗಾದ. ಆ ಸಲ ಬಿಸಿಲು ಬೇಗ ಬಂದಿತ್ತು. ಅಂಥ ವರ್ಷ ಎಂಟು ತಿಂಗಳಿಗೇ ಕಾಯಿ ಆಗುವುದೂ ಉಂಟು. ಮಂಡಿಯಲ್ಲಿ ಕೊಬ್ಬರಿಯ ರೇಟೂ ಏರುತ್ತಿತ್ತು. "ಅವ್ವ ನೋಡ್ಲಿ," ಅಂದ. "ಆಗಿದ್ರೆ ಇಳ್ಸು. ಈ ರೇಟಿಗೆ ನಿಂದೂ ಆಗ್ತದೆ, ನಮ್ದೂ ಆಗ್ತದೆ. ಆಗಿಲ್ದಿದ್ರೆ ಆಷಾಢದವರ್ಗೂ ಯಾರೂ ಏಣಿ ಮುಟ್ಟಂಗಿಲ್ಲ."

"ನೀನೂ ಒಂದು ಅಲ್ಲಾಡ್ಸಿ ನೋಡ್ಲಾ," ಅಂದ ಗಂಗರಾಜು.

"ಅವ್ವ ಇರೋವಾಗ ನಾನ್ಯಾಕೆ ನೋಡ್ಲಿ?"

ಮರುದಿನ ಗಂಡ ಹೆಂಡಿರಿಬ್ಬರೂ ತುಮಕೂರಿಗೆ ಹೊರಟರು. ರಕ್ತ ಪರೀಕ್ಷೆ, ಸ್ಕ್ಯಾನು, ಎರಡು ದಿನ ಅಲ್ಲೇ ಇರಬೇಕಿತ್ತು. ವನಜಾಕ್ಷಿ ಚಿತ್ರಾನ್ನ ಕಟ್ಟಿಕೊಟ್ಟಳು. ಸರ್ವಮಂಗಳ ನಾಗರಪಂಚಮಿಗೆ ಕೊಂಡ ಸೀರೆ ಉಟ್ಟಿದ್ದಳು. "ಅಕ್ಕ, ಈ ಸಲ ಯಾಕೋ ಆಗ್ತದೆ ಅನ್ಸ್ತದೆ," ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು. "ಹೋಗ್ ಬಾ ಕಣೇ, ಬಾಳೆಹಣ್ಣು ತಿಂತಾ ಇರು, ಹೊಟ್ಟೆ ಖಾಲಿ ಬಿಡ್ಬ್ಯಾಡ," ಅಂದಳು ವನಜಾಕ್ಷಿ.

ಅವಳು ಮನೆಗೆ ಬಂದಾಗ ಗಂಗರಾಜು ಏಣಿ ಹಾಕಿಕೊಂಡು ನಿಂತಿದ್ದ. ವಾರದ ಗಡ್ಡ ಹಾಗೇ ಇತ್ತು. ಜಗಲಿಯ ಮೇಲೆ ಕೆಂಪಕ್ಕ ಮತ್ತೆ ಬಂದು ಕೂತಿದ್ದಳು. ವನಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಅವಳೂ ಹಾಲ್ಕುರಿಕೆಯ ತೋಟದವರ ಮನೆಯ ಹೆಣ್ಣು. ರಾಶಿಯ ನಡುವಿನಿಂದ ಒಂದು ಕಾಯಿ ಎಳೆದಳು. ಕೈಯಲ್ಲಿ ಹೊರಳಿಸಿದಾಗಲೇ ಕುಳುಕ್ ಎಂದಿತು. ಅವಳು ಅದನ್ನು ಅತ್ತೆಯ ಕೈಗೆ ಇಳಿಸಿದಳು.

ರಂಗಕ್ಕ ಅದನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದಳು. ಇನ್ನೊಂದು ಕೊಡು ಅಂದಳು. ಅದೂ ಕುಳುಕ್ ಎಂದಿದ್ದು ವನಜಾಕ್ಷಿಗೆ ಮೇಲಿನವರೆಗೂ ಕೇಳಿಸಿತು. ಮೂರನೆಯದನ್ನು ರಂಗಕ್ಕ ಬಹಳ ಹೊತ್ತು ಕಿವಿಯ ಹತ್ತಿರವೇ ಹಿಡಿದುಕೊಂಡಳು. ಅಲ್ಲಾಡಿಸಲಿಲ್ಲ. ಮಗನ ಮುಖ ನೋಡಿದಳು. ಜಗಲಿಯ ಕಡೆ ನೋಡಿದಳು.

"ಆಗೈತೆ. ಇಳ್ಸು," ಅಂದಳು.

"ಅತ್ತೆ, ಆ ಮೂಲೇದು ಒಂದು ನೋಡ್ತೀರಾ?" ಅಂದಳು ವನಜಾಕ್ಷಿ.

"ಆಗೈತೆ ಅಂದ್ನಲ್ಲ."

ಒಲೆಯ ಮೇಲೆ ಸಾರು ಉಕ್ಕುವ ವಾಸನೆ ಬರುತ್ತಿತ್ತು. ವನಜಾಕ್ಷಿ ಏಣಿ ಇಳಿದು ಅಡುಗೆಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಕಾಯಿ ಸುಲಿಯುವ ಆಂಜನಪ್ಪ ಆಳು ಕಟ್ಟಿಕೊಂಡು ಬಂದ. ಅಂಗಳದಲ್ಲಿ ಸುಲಿಯುವ ಕಬ್ಬಿಣ ನೆಟ್ಟ. ನಾಲ್ಕು ಕಾಯಿ ಸುಲಿದು ಐದನೆಯದನ್ನು ಕೈಯಲ್ಲೇ ಹಿಡಿದು ನಿಂತ. "ಸ್ವಾಮಿ, ಇದ್ರಲ್ಲಿ ಇನ್ನೂ ನೀರೈತಲ್ಲಾ?"

"ಅವ್ವ ನೋಡವ್ಳೆ," ಅಂದ ಗಂಗರಾಜು.

"ಅಮ್ಮ ನೋಡಿದ್ಮ್ಯಾಕೆ ನಂದೇನು ಬುಡಿ," ಎಂದು ಆಂಜನಪ್ಪ ಕೆಲಸ ಮುಂದುವರಿಸಿದ. ಸಂಜೆಯ ಹೊತ್ತಿಗೆ ಅಟ್ಟ ಬರಿದಾಗಿತ್ತು. ಪೂರ್ತಿ ಬರಿದು ಮಾಡಬಾರದೆಂದು ಮೂಲೆಯಲ್ಲಿ ಐದು ಕಾಯಿ ಬಿಡುವುದು ಆ ಸೀಮೆಯ ಪದ್ಧತಿ. ಅಷ್ಟು ಉಳಿದವು. ಸಿಪ್ಪೆ ಕಳಚಿದ ಕಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸುವಂತಿಲ್ಲ. ಏರಿಸಿದರೆ ಬಿರುಕು ಬಿಟ್ಟು ಕೊಳೆಯುತ್ತದೆ.

ಸೂರ್ಯಪ್ರಕಾಶ ಬಂದಿದ್ದು ಕಾಯಿ ಒಡೆಯುವ ದಿನ. ಬಸ್ಸಿಳಿದವನು ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, ಅಂಗಳದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಾಯಿ ಒಡೆದ. ನೀರು ಅವನ ಪ್ಯಾಂಟಿನ ಮೇಲೆ ಚಿಮ್ಮಿತು. ಇನ್ನೊಂದು ಒಡೆದ. ತಿರುಳು ಕರಟಕ್ಕೆ ಅಂಟಿಕೊಂಡಿತ್ತು. ಇನ್ನೊಂದು. ಇನ್ನೊಂದು. ಹತ್ತರಲ್ಲಿ ಎರಡು ಮೂರು ಉಂಡೆಯಾಗಿ ಬಿದ್ದವು. ಮಿಕ್ಕವು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ.

"ಯಾರು ಹೇಳಿದ್ದು ಆಗೈತೆ ಅಂತ?"

ಗಂಗರಾಜು ತಾಯಿಯ ಕಡೆ ನೋಡಿದ.

"ಅವ್ವ, ನೀನು ನೋಡಿದ್ಯಾ?"

ರಂಗಕ್ಕ ಕಂಬಕ್ಕೆ ಒರಗಿ ಕೂತಿದ್ದಳು. "ನೋಡ್ದೆ."

"ನಿಂಗೆ ಕೇಳುಸ್ಲಿಲ್ವಾ? ಇಲ್ಲಾ, ಕೇಳುಸ್ದ್ರೂ..."

"ಕಿವಿ ಹೋಗೈತೆ ಕಣಪ್ಪ," ಅಂದಳು ರಂಗಕ್ಕ. "ವಯಸ್ಸಾಯ್ತು. ನಂಗೇನು ಗೊತ್ತಾಯ್ತದೆ."

"ಸೂರಿ, ನಾನು ಹೇಳ್ತೀನಿ ಕೇಳ್ಲಾ..." ಎಂದು ಗಂಗರಾಜು ಮುಂದೆ ಬಂದ.

"ನೀನು ಹೇಳ್ಬ್ಯಾಡಣ್ಣ. ನಿಂದು ಸಿಮೆಂಟು. ಬೇರೆ ಡಿಪಾರ್ಟ್‌ಮೆಂಟು."

ಸರ್ವಮಂಗಳ ಅಳಲಿಲ್ಲ. ಆಸ್ಪತ್ರೆಯ ಕಾಗದದ ಚೀಲವನ್ನು ಮೊಳೆಗೆ ನೇತುಹಾಕಿ, ಚಾಪೆ ತಂದು ಬಿಸಿಲಿಗೆ ಹಾಸಿ, ಒಡೆದ ಹೋಳುಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದಳು. ಉಟ್ಟಿದ್ದ ನಾಗರಪಂಚಮಿಯ ಸೀರೆಯನ್ನೂ ಬದಲಿಸಲಿಲ್ಲ. ವನಜಾಕ್ಷಿ ಪಕ್ಕದಲ್ಲಿ ಕೂತು ತಾನೂ ಹಾಕಿದಳು.

ಒಣಗಿದ ಹೋಳು ಎಣ್ಣೆ ಮಿಲ್ಲಿಗೆ ಹೋಯಿತು. ಸಿಕ್ಕಿದ್ದು ತೆರಿಗೆಗೂ ದಂಡಕ್ಕೂ ಸರಿಹೋಯಿತು. ಅದನ್ನು ಕಟ್ಟಿದ ಮೇಲೆ ಖಾತೆಯ ಬೀಗ ತೆಗೆದರು. ಕೈಗೆ ಬಂದ ಚರಂಡಿಯ ಹಣ ಸಿಮೆಂಟಿನಂಗಡಿಗೆ, ಜಲ್ಲಿಯವನಿಗೆ, ಕೆಂಪಕ್ಕನ ಗುಂಪಿಗೆ ಹಂಚಿ ಮುಗಿಯಿತು. ಶಾಲೆಯ ಕಾಂಪೌಂಡಿನ ಬಿಲ್ ಆದ ತಕ್ಷಣ ಕೊಡುತ್ತೇನೆ ಎಂದ ಗಂಗರಾಜು. ಬಿಲ್ ಆಗಲಿಲ್ಲ.

ಯುಗಾದಿಗೆ ಒಬ್ಬಟ್ಟು ಮಾಡಿದರು. ಸೂರ್ಯಪ್ರಕಾಶ ಅರ್ಧ ತಿಂದು ಎದ್ದು, "ಹಿಂದಿನ ಪಡಸಾಲೇಲಿ ಒಂದು ಒಲೆ ಹಾಕ್ಕತೀವಿ," ಅಂದ. "ಒಬ್ಬ ಮೇಸ್ತ್ರಿ ಕಳ್ಸು."

"ಬೇರೆ ಮೇಸ್ತ್ರಿ ಯಾಕ್ಲಾ," ಅಂದ ಗಂಗರಾಜು. ಮಾರನೆಯ ದಿನ ತಾನೇ ಇಟ್ಟಿಗೆ ಜೋಡಿಸಿ, ಕಲ್ಲು ಕೂರಿಸಿ, ಮಟ್ಟಗೋಲು ಇಟ್ಟು ನೋಡಿದ. "ಎತ್ತರ ಸರಿಯಾಗೈತಾ ನೋಡಮ್ಮ," ಎಂದು ತಮ್ಮನ ಹೆಂಡತಿಯನ್ನು ಕೇಳಿದ. ಅವಳು ಬಂದು ಖಾಲಿ ಪಾತ್ರೆಯಿಟ್ಟು ಸೌಟು ತಿರುಗಿಸಿ ನೋಡಿ, "ಸರಿಯಾಗೈತೆ ಭಾವ," ಅಂದಳು. ಆಮೇಲೆ ಗಂಗರಾಜು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ.

ಅಂದಿನಿಂದ ರಂಗಕ್ಕನ ಕಿವಿ ಪೂರ್ತಿ ಹೋಯಿತು. ಅಡುಗೆ ಆಯ್ತು ಬನ್ನಿ ಎಂದರೆ ಸುಮ್ಮನೆ ಕೂತಿರುತ್ತಿದ್ದಳು. ಹಸ ಬಿಚ್ಚಿಕೊಂಡಿದೆ ಎಂದರೂ ತಿರುಗುತ್ತಿರಲಿಲ್ಲ.

"ಅಜ್ಜೀ, ಊಟ!" ಎಂದು ಧನ್ಯಶ್ರೀ ಕೂಗುತ್ತಿದ್ದಳು.

"ನೋಟಾ? ನನ್ನತ್ರ ಎಲ್ಲಿಂದ ಬತ್ತದೆ ನೋಟು?"

ಊರವರು ಕಾಯಿ ತರುವುದು ನಿಂತಿತು. ಯಾರಾದರೂ ಬಂದರೆ ರಂಗಕ್ಕ ಎರಡೂ ಕೈ ಅಲ್ಲಾಡಿಸಿ ಕಳಿಸುತ್ತಿದ್ದಳು. ಎರಡು ಒಲೆಗಳ ನಡುವೆ ಅವಳ ಊಟ ಹಂಚಿತ್ತು. ಬೆಳಿಗ್ಗೆ ಹಿರಿಸೊಸೆಯ ಕಡೆ, ಸಂಜೆ ಕಿರಿಸೊಸೆಯ ಕಡೆ. ಸರ್ವಮಂಗಳ ಮುದ್ದೆಯನ್ನು ಮೆತ್ತಗೆ ತೊಳಸಿ, ಸಾರಿಗೆ ಖಾರ ಕಡಿಮೆ ಹಾಕಿ, ತಟ್ಟೆಯನ್ನು ಕೈಗೇ ಕೊಡುತ್ತಿದ್ದಳು. "ಸಾಕಾ ಅತ್ತೆ?" ಎಂದು ಜೋರಾಗಿ ಕೇಳುತ್ತಿದ್ದಳು. ರಂಗಕ್ಕ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದಳು.

ಒಂದು ದಿನ ಸೂರ್ಯಪ್ರಕಾಶ ತಿಪಟೂರಿನಿಂದ ಒಂದು ಸಣ್ಣ ಪೆಟ್ಟಿಗೆ ತಂದ. ಕಿವಿಯ ಮಷಿನ್ನು. ತಾನೇ ತಾಯಿಯ ತಲೆಕೂದಲು ಸರಿಸಿ ಬಲಗಿವಿಗೆ ಸಿಕ್ಕಿಸಿದ. "ಅವ್ವ, ಕೇಳುಸ್ತದಾ?" ಎಂದು ಮೆಲ್ಲಗೆ ಕೇಳಿದ. ರಂಗಕ್ಕನ ಕಣ್ಣು ತುಂಬಿತು. "ಗುಯ್ ಅಂತದೆ ಕಣಪ್ಪ. ತಗಿ, ತಗಿ." ಅದು ಸಾಸಿವೆ ಡಬ್ಬಿಯ ಪಕ್ಕ ಪೆಟ್ಟಿಗೆಯಲ್ಲೇ ಉಳಿಯಿತು.

"ಅವ್ನಿಗೇ ಮೋಸ ಆಗಿ, ಅವ್ನೇ ಮಷಿನ್ ತಂದವ್ನೆ ನೋಡು," ಅಂದ ಗಂಗರಾಜು ಹೆಂಡತಿಯ ಹತ್ತಿರ. ವನಜಾಕ್ಷಿ ಪಾತ್ರೆ ತಿಕ್ಕುತ್ತಲೇ ಇದ್ದಳು.

ಆಷಾಢದಲ್ಲಿ ಕೊಬ್ಬರಿಯ ರೇಟು ಯಾರೂ ಕಂಡು ಕೇಳರಿಯದ ಮಟ್ಟಕ್ಕೆ ಹೋಯಿತು. ಊರಿನಲ್ಲಿ ಮನೆಮನೆಯ ಅಂಗಳದಲ್ಲೂ ಕಾಯಿ ಒಡೆಯುವ ಸದ್ದು. ಟೆಂಪೋಗಳು ಸಾಲಾಗಿ ತಿಪಟೂರಿನ ಕಡೆ ಹೊರಟವು. ಎದುರು ಮನೆಯವರು ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿ ಮಂಗಳಾರತಿ ತಂದರು. ಸೂರ್ಯಪ್ರಕಾಶ ಆರತಿ ತಗೊಂಡು ತೋಟಕ್ಕೆ ಹೋದ.

ಶ್ರಾವಣದಲ್ಲಿ ಅವನೂ ಹೆಂಡತಿಯೂ ಒಂದಿಷ್ಟು ಸಾಲ ಮಾಡಿಕೊಂಡು ತುಮಕೂರಿಗೆ ಹೋಗಿಬಂದರು. ಸಂಜೆ ಹಿತ್ತಿಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದ ಸರ್ವಮಂಗಳಳ ಪಕ್ಕ ವನಜಾಕ್ಷಿ ಹೋಗಿ ಕೂತಳು.

"ಏನಂದ್ರೇ?"

"ಹೊಸದಾಗಿ ಟೆಸ್ಟ್ ಮಾಡಿದ್ರು ಅಕ್ಕ. ಆರು ತಿಂಗಳ ಹಿಂದೆ ಇದ್ದಂಗಿಲ್ವಂತೆ ಈಗ." ಅವಳು ಒಂದು ಹುಳುಕಲು ಎಲೆ ತೆಗೆದು ಆಚೆಗೆಸೆದಳು. "ಇನ್ನು ಬರಬ್ಯಾಡಿ ಅಂದ್ರು. ನಯವಾಗೇ ಅಂದ್ರು."

ವನಜಾಕ್ಷಿ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಸರ್ವಮಂಗಳ ಆ ಕೈಯನ್ನು ಸರಿಸಲಿಲ್ಲ, ಹಿಡಿಯಲೂ ಇಲ್ಲ.

ಕಾಂಪೌಂಡಿನ ಬಿಲ್ ಆಗಿದ್ದು ಗೌರಿ ಹಬ್ಬ ಕಳೆದ ಮೇಲೆ. ಗಂಗರಾಜು ಹಣವನ್ನು ಪೇಪರಿನಲ್ಲಿ ಸುತ್ತಿ ತಂದು ತಮ್ಮನ ಒಲೆಯ ಪಕ್ಕದ ಗೂಡಿನಲ್ಲಿಟ್ಟ. ಸೂರ್ಯಪ್ರಕಾಶ ಅದನ್ನು ನೋಡಿ ಹೊರಗೆ ಹೋದ. ಸರ್ವಮಂಗಳ ಎತ್ತಿಕೊಂಡು ಬಂದು ವಾಪಸು ಕೊಟ್ಟಳು. "ಧನ್ಯನ ಫೀಸು ಕಟ್ಟಿ ಭಾವ. ನಮ್ಗೆ ಈಗ ಅಂಥಾ ಖರ್ಚೇನೈತೆ."

ಮಹಾಲಯ ಅಮಾವಾಸ್ಯೆಗೆ ಮುಂಚೆ ಅಟ್ಟ ಗುಡಿಸಬೇಕು. ಒಂದು ಮಧ್ಯಾಹ್ನ ವನಜಾಕ್ಷಿ ಏಣಿ ಹಾಕಿಕೊಂಡು ಹತ್ತಿದಳು. ಗಂಡಸರು ಮನೆಯಲ್ಲಿರಲಿಲ್ಲ. ಕೆಳಗೆ ಅಂಗಳದಲ್ಲಿ ರಂಗಕ್ಕ ಈ ಕಡೆ ಬೆನ್ನು ಮಾಡಿ ಕೂತು ಪೊರಕೆಗೆ ತೆಂಗಿನ ಗರಿ ಸೀಳುತ್ತಿದ್ದಳು. ಹಿಂದಿನ ಪಡಸಾಲೆಯಲ್ಲಿ ಸರ್ವಮಂಗಳ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಕುಟ್ಟುತ್ತಿದ್ದ ಸದ್ದು ಒಂದೇ ಸಮನೆ ಕೇಳಿಬರುತ್ತಿತ್ತು.

ಮೂಲೆಯಲ್ಲಿ ಐದು ಕಾಯಿ ಹಾಗೇ ಇದ್ದವು. ಮೇಲೆ ಜೇಡರ ಬಲೆ ಕಟ್ಟಿತ್ತು. ಗುಡಿಸಲು ಅಡ್ಡವಾಗುತ್ತದೆಂದು ವನಜಾಕ್ಷಿ ಒಂದನ್ನು ಎತ್ತಿ ಆಚೆಗಿಟ್ಟಳು. ಕಾಯಿ ಕೈಯಲ್ಲಿ ಹೊರಳಿತು.

ಗಡಗಡ.

ದೊಡ್ಡ ಸದ್ದೇನಲ್ಲ. ಒಣಗಿದ ಉಂಡೆ ಕರಟದೊಳಗೆ ಉರುಳುವ ಸಣ್ಣ ಸದ್ದು.

"ಅದು ಈಗ ಆಗೈತೆ ನೋಡು," ಅಂದಳು ರಂಗಕ್ಕ, ಗರಿ ಸೀಳುತ್ತಲೇ.

ಕುಟ್ಟುವ ಸದ್ದು ನಿಂತಿತು.

ಗರಿ ಸೀಳುವ ಕೈಯೂ ನಿಂತಿತು. ರಂಗಕ್ಕ ತಿರುಗಲಿಲ್ಲ. ಅವಳ ಬಲಗೈ ಮೆಲ್ಲಗೆ ಮೇಲೆದ್ದು ಕಿವಿಯನ್ನು ಮುಚ್ಚಿಕೊಂಡಿತು.

ಸರ್ವಮಂಗಳ ಪಡಸಾಲೆಯ ಬಾಗಿಲಿಗೆ ಬಂದು ನಿಂತಳು. ಬೆರಳಿಗೆ ಬೆಳ್ಳುಳ್ಳಿಯ ಸಿಪ್ಪೆ ಅಂಟಿತ್ತು. ಅತ್ತೆಯ ಬೆನ್ನನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅಟ್ಟದ ಬಾಯಲ್ಲಿ ಕಾಯಿ ಹಿಡಿದು ಕೂತಿದ್ದ ಓರಗಿತ್ತಿಯನ್ನು ನೋಡಿದಳು.

"ಅವತ್ತೂ ಮೇಲಿದ್ದೋಳು ನೀನೇ ಅಲ್ವಾ ಅಕ್ಕ," ಅಂದಳು.

"ಹೂಂ."

"ನಿಂಗೂ ಕೇಳ್ಸಿತ್ತಾ?"

ವನಜಾಕ್ಷಿ ಕಾಯಿಯನ್ನು ಮಡಿಲಿಗೆ ಇಳಿಸಿಕೊಂಡಳು. "ಕೇಳ್ಸಿತ್ತು ಕಣೇ."

ಸರ್ವಮಂಗಳ ತಲೆಯಾಡಿಸಿದಳು, ಬೆಳಿಗ್ಗೆ ಹಾಲು ಡೈರಿಗೆ ಹೋಯಿತೇ ಎಂದು ಕೇಳಿ ಉತ್ತರ ಸಿಕ್ಕಿದ ಹಾಗೆ. "ಒಲೆ ಮೇಲೆ ಎಣ್ಣೆ ಇಟ್ಟಿದ್ದೆ," ಎಂದು ಒಳಗೆ ಹೋದಳು.

ರಂಗಕ್ಕ ಕಿವಿಯಿಂದ ಕೈ ತೆಗೆದಳು. ಪಡಸಾಲೆಯ ಕಡೆ ತಿರುಗಿ, "ಮಂಗಳಾ," ಅಂದಳು. "ಮಂಗಳಾ, ಒಂಚೂರು ಬಾ ಇಲ್ಲಿ ನನ್ನವ್ವ."

ಒಳಗಿನಿಂದ ಕುಟ್ಟಾಣಿಯ ಸದ್ದು ಮತ್ತೆ ಶುರುವಾಯಿತು. ರಂಗಕ್ಕ ಮೂರನೆಯ ಸಲ ಕೂಗಿದಳು, ಇನ್ನೂ ಜೋರಾಗಿ. ಕುಟ್ಟುವ ಸದ್ದು ನಿಲ್ಲಲಿಲ್ಲ.